ಸಹಾಯ ಬೇಕು: ಹ್ಯಾಸ್ಕೆಲ್‌ನಲ್ಲಿ ಅಕ್ಷಾಂಶ, ರೇಖಾಂಶಕ್ಕೆ ಮಿತಿ ಹಾಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕೆರೆಗಳ ನಕ್ಷೆಗೆ ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆಯುತ್ತಿದ್ದೇನೆ. ಅಕ್ಷಾಂಶ -90ರಿಂದ 90, ರೇಖಾಂಶ -180ರಿಂದ 180ರ ಒಳಗೇ ಇರಬೇಕು. ಮೊದಲು ಎರಡಕ್ಕೂ ಸುಮ್ನೆ ಡಬಲ್ (ದಶಮಾಂಶ ಸಂಖ್ಯೆಯ ಟೈಪ್) ಇಟ್ಟಿದ್ದೆ. ನಮ್ಮೂರಿನ 12.97, 77.59 ಅದಲುಬದಲಾಗಿ ಕೆರೆ ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರದ ಸಮುದ್ರಕ್ಕೆ ಹೋಯಿತು! ಅದಲುಬದಲಾದರೂ ಎರಡೂ ಮಿತಿಯೊಳಗೇ ಇವೆ. ಬರೀ ಮಿತಿ ನೋಡಿದರೆ ಈ ತಪ್ಪು ಸಿಗುವುದಿಲ್ಲ ಅಲ್ವಾ? ಅದಕ್ಕೇ ಎರಡಕ್ಕೂ ಬೇರೆ ಬೇರೆ ನ್ಯೂಟೈಪ್ (ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಬಿಡದ ಹೊಸ ಟೈಪ್) ಮಾಡಿದೆ. ಆ ಟೈಪ್‌ನ ಮೌಲ್ಯ ಕಟ್ಟುವ ಕನ್‌ಸ್ಟ್ರಕ್ಟರ್ ಮಾಡ್ಯೂಲ್ ಒಳಗೇ ಇದೆ. ಮಿತಿ ನೋಡಿ ಮೇಬಿ (ಸರಿಯಿದ್ದರೆ ಜಸ್ಟ್, ಇಲ್ಲದಿದ್ದರೆ ನಥಿಂಗ್) ಕೊಡುವ ಫಂಕ್ಷನ್ ಮಾತ್ರ ಹೊರಗೆ ಬಿಟ್ಟಿದ್ದೇನೆ.

ಈಗ ತೊಡಕು ಇಲ್ಲಿದೆ. ಕೋಡ್‌ನಲ್ಲೇ ನಾನು ಬರೆದ 12.97ಕ್ಕೂ ಪ್ರತಿ ಸಲ ಜಸ್ಟ್, ನಥಿಂಗ್ ಎರಡನ್ನೂ ನೋಡಬೇಕು. ಇಂಥ ಸಂಖ್ಯೆಗಳನ್ನು ಕಂಪೈಲ್ ಆಗುವಾಗಲೇ ಪರೀಕ್ಷಿಸಲು ಟೆಂಪ್ಲೇಟ್ ಹ್ಯಾಸ್ಕೆಲ್ (ಕಂಪೈಲ್ ಆಗುವಾಗಲೇ ಕೋಡ್ ಓಡಿಸುವ ಸೌಲಭ್ಯ) ಸಾಕಾ, ಲಿಕ್ವಿಡ್ ಹ್ಯಾಸ್ಕೆಲ್ (ಟೈಪ್‌ಗೆ ಹಾಕಿದ ಷರತ್ತುಗಳನ್ನು ಪರೀಕ್ಷಿಸುವ ಸಾಧನ) ಬೇಕಾ? ಬಳಸಿದವರು ಒಂದು ಸಣ್ಣ ಉದಾಹರಣೆ ಕೊಟ್ಟರೆ ತುಂಬಾ ಉಪಕಾರ.