ದೊಡ್ಡ ಮಕ್ಕಳ ಜೊತೆ ಕಾರಲ್ಲಿ ಹಂಪಿ, ಬಾದಾಮಿ: ಹೋದವರು ಹೇಳಿ

ದಸರಾ ರಜೆಗೆ ಬೆಂಗಳೂರಿನಿಂದ ಕಾರಲ್ಲೇ ನಾಲ್ಕು ದಿನ ಹೋಗೋಣ ಅಂತಿದ್ದೇವೆ. ಮಗನಿಗೆ 17, ಮಗಳಿಗೆ 14. ಚಿಕ್ಕವರಿದ್ದಾಗ ಕಾರು ಹತ್ತಿದ ತಕ್ಷಣ ನಿದ್ದೆ ಹೋಗುತ್ತಿದ್ದರು, ಈಗ ಹತ್ತುವ ಮೊದಲೇ ಮುಖ ಊದಿಸಿಕೊಳ್ಳುತ್ತಾರೆ. ‘ಕಲ್ಲು ನೋಡೋಕೆ ಅಷ್ಟು ದೂರ ಯಾಕಪ್ಪಾ’ ಅಂತಾನೆ ಮಗ. ಏನು ಮಾಡಲಿ?

ಉತ್ತರ: ಒಂದೇ ಉಸಿರಿಗೆ ಹಂಪಿಗೆ ಓಡಬೇಡಿ ಸರ್, ಸುಮಾರು 340 ಕಿ.ಮೀ. ಆಗುತ್ತದೆ. 200 ಕಿ.ಮೀ. ಹೊತ್ತಿಗೆ ಚಿತ್ರದುರ್ಗ ಸಿಗುತ್ತದೆ, ಕೋಟೆ ಹತ್ತಿಸಿ. ಬೆಳಗ್ಗೆಯಿಂದ ಇಯರ್‌ಫೋನ್ ತೆಗೆಯದ ನನ್ನ ಮಗಳು ಓಬವ್ವನ ಕಿಂಡಿಯಲ್ಲಿ ತೂರಿಕೊಂಡು ಬಂದಮೇಲೆ ತಾನಾಗಿಯೇ ಮಾತು ಶುರು ಮಾಡಿದಳು!

ಉತ್ತರ: ಎಲ್ಲಾ ದೇವಸ್ಥಾನ ತೋರಿಸಲೇಬೇಕು ಅನ್ನುವ ಹಠ ಬಿಡಿ. ನಾವು ಹಂಪಿಯ ಒಂದು ದಿನವನ್ನು ಪೂರ್ತಿ ಮಕ್ಕಳಿಗೇ ಬಿಟ್ಟೆವು. ಮನೆಯಲ್ಲಿ ಎಂಟಕ್ಕೂ ಏಳದವರು ಕತ್ತಲಲ್ಲೇ ಎದ್ದು ಮಾತಂಗ ಬೆಟ್ಟಕ್ಕೆ ನಮ್ಮನ್ನೇ ಎಳೆದುಕೊಂಡು ಹೋದರು, ನನ್ನ ಮಂಡಿ ಕೇಳಬೇಡಿ. ಬಾದಾಮಿ ಗುಹೆಗಳ ಹತ್ತಿರ ಕೋತಿ ಜಾಸ್ತಿ, ಚಿಪ್ಸ್ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ.

ಉತ್ತರ: 17ರ ಹುಡುಗ ಸ್ಟಿಯರಿಂಗ್ ಕೇಳೇ ಕೇಳ್ತಾನೆ. ರಸ್ತೆ ಖಾಲಿ ಇದೆ ಅಂತ ಸುಮ್ನೆ ಕೊಡಬೇಡಿ, ಕಾರಿನ ಲೈಸೆನ್ಸ್‌ಗೆ 18 ಆಗಬೇಕು. ಮುಂದೆ ಕೂರಿಸಿ, ದಾರಿ, ಹಾಡು, ಊಟದ ಹೋಟೆಲ್ ಎಲ್ಲಾ ಅವನಿಗೇ ವಹಿಸಿ.

ಹಾಡು ಕೂಡಾನಾ? ಸರಿ, ಹತ್ತಿ ತಗೊಂಡು ಹೋಗ್ತೀನಿ ಕಿವಿಗೆ.