ಅಪ್‌ಡೇಟ್: ಅವ್ವ ಧ್ರುವಪ್ರಭೆ ನೋಡಿದಳು!

ಕಲಬುರಗಿಯಿಂದ ಅವ್ವನನ್ನು ಕರೆದುಕೊಂಡು ಧ್ರುವಪ್ರಭೆ (ಧ್ರುವದ ಹತ್ತಿರದ ಊರುಗಳಲ್ಲಿ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು) ನೋಡಲು ಹೋಗಬೇಕು, ನಾರ್ವೆಯ ಟ್ರೊಮ್ಸೊ ಒಳ್ಳೆಯದೋ ಸ್ವೀಡನ್ನಿನ ಅಬಿಸ್ಕೊ ಒಳ್ಳೆಯದೋ, ಯಾವ ತಿಂಗಳು ಅಂತ ಕೇಳಿದ್ದೆ. ಹೋಗಿ ಬಂದೆವು. ಕಣ್ತುಂಬ ನೋಡಿದೆವು.

ಟ್ರೊಮ್ಸೊಗೆ ಹೋದೆವು, ಮಾರ್ಚ್‌ನಲ್ಲಿ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಅವ್ವನಿಗೆ ಹಗಲೂ ಬೇಕಿತ್ತು. ಊರು 69 ಡಿಗ್ರಿ ಉತ್ತರದಲ್ಲಿದ್ದರೂ ಬೆಚ್ಚಗಿನ ಸಮುದ್ರ ಪ್ರವಾಹದಿಂದ ಚಳಿ ನಾವು ಹೆದರಿದಷ್ಟು ಇರಲಿಲ್ಲ. ಆದರೆ ಕರಾವಳಿಯಲ್ಲಿ ಮೋಡ ಜಾಸ್ತಿ. ವ್ಯಾನಿನಲ್ಲಿ ಫಿನ್ಲೆಂಡ್ ಗಡಿಯ ಕಡೆ ಹೋದ ಮೇಲೆಯೇ ಆಕಾಶ ತಿಳಿಯಾಯಿತು.

ಮೊದಲು ಕಂಡಿದ್ದು ಬರೀ ಬೂದು ಪಟ್ಟಿ. ಮೊಬೈಲ್‌ನಲ್ಲಿ ಮಾತ್ರ ಹಸಿರು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ತಿಳಿಯುವುದಿಲ್ಲ, ಅದಕ್ಕೆ. ಆಮೇಲೆ ಬೆಳಕು ಜೋರಾಯಿತು ನೋಡಿ! ಬರಿಗಣ್ಣಿಗೇ ಹಸಿರು, ಕೆಳಗಿನ ಅಂಚಿನಲ್ಲಿ ಗುಲಾಬಿ, ಒಣಹಾಕಿದ ಸೀರೆ ಗಾಳಿಗೆ ಅಲುಗಿದಂತೆ. ಸೂರ್ಯನಿಂದ ಬಂದ ಕಣಗಳ ಪ್ರಭಾವದಿಂದ 100 ಕಿಲೋಮೀಟರ್‌ಗೂ ಮೇಲೆ ಆಮ್ಲಜನಕ ಹೀಗೆ ಹಸಿರಾಗಿ ಹೊಳೆಯುತ್ತದೆ ಅಂತ ವಿವರಿಸಲು ಹೋದೆ. "ಸುಮ್ನಿರು, ನೋಡ್ಲಾಕ ಬಿಡು" ಅಂದಳು ಅವ್ವ.

ಕೆಪಿ ಸೂಚ್ಯಂಕದ (ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಅಂತ 0ಯಿಂದ 9ರವರೆಗೆ ಹೇಳುವ ಅಂಕಿ) ಬಗ್ಗೆ ಕೇಳಿದವರಿಗೆ: ಅಲ್ಲಿ 2 ಇದ್ದರೂ ಸಾಕು, ಮೋಡದ ಮುನ್ಸೂಚನೆಯೇ ಮುಖ್ಯ. ಊಟ ತುಂಬಾ ದುಬಾರಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ನಮ್ಮ ಕೈ ಹಿಡಿಯಿತು. ವಯಸ್ಸಾದವರು ಜೊತೆಗಿದ್ದರೆ ಬೂಟಿನ ಕೆಳಗೆ ಹಾಕುವ ಮುಳ್ಳಿನ ಪಟ್ಟಿ ಅಲ್ಲೇ ಕೊಳ್ಳಿ. ರಸ್ತೆ ಪೂರ್ತಿ ಮಂಜುಗಡ್ಡೆ, ಭಾಳ ಜಾರುತ್ತದೆ.