‘ಉತ್ಕರ್ಷಣ ಒತ್ತಡ’ದಲ್ಲಿ ‘ಒತ್ತಡ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಬೀಡಿ, ಸಿಗರೇಟಿನಿಂದ ರಕ್ತನಾಳ ಹೇಗೆ ಹಾಳಾಗುತ್ತದೆ ಅಂತ ಸಾಮಾನ್ಯ ಓದುಗರಿಗೆ ತಿಳಿಸುವ ಬರಹವೊಂದನ್ನು ಸಿದ್ಧ ಮಾಡುತ್ತಿದ್ದೇನೆ. ‘ಆಕ್ಸಿಡೇಟಿವ್ ಸ್ಟ್ರೆಸ್’ಗೆ ‘ಉತ್ಕರ್ಷಣ ಒತ್ತಡ’ ಅನ್ನುವವರಿದ್ದಾರೆ. ‘ಉತ್ಕರ್ಷಣ’ದ ಬಗ್ಗೆ ತಕರಾರಿಲ್ಲ, ‘ಆಕ್ಸಿಡೇಶನ್’ಗೆ ಶಾಲೆಯಲ್ಲೇ ಓದಿದ ಪದ. ನನಗೆ ಒಪ್ಪಿಗೆಯಾಗದಿರುವುದು ‘ಒತ್ತಡ’.

ಸೇದುವವರನ್ನು ಕೇಳಿ ನೋಡಿ. ‘ತುಂಬಾ ಒತ್ತಡ, ಅದಕ್ಕೇ ಸೇದ್ತೀನಿ’ ಅಂತಾರೆ. ಅಂಥವರಿಗೆ ‘ಸಿಗರೇಟಿನಿಂದ ಒತ್ತಡ ಜಾಸ್ತಿಯಾಗುತ್ತದೆ’ ಅಂತ ಬರೆದರೆ ಮನಸ್ಸಿನ ವಿಷಯ ಅಂದುಕೊಳ್ಳುತ್ತಾರೆ. ಪಕ್ಕದಲ್ಲೇ ‘ರಕ್ತನಾಳ’ ಇದ್ದರಂತೂ ಬಿಪಿ ಅಂತಲೇ ಓದುತ್ತಾರೆ. ಎರಡೂ ಅಲ್ಲ, ಅಲ್ವಾ?

ನಿಜವಾಗಿ ಆಗುವುದು ಇದು. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತಿರುತ್ತದೆ. ನಾಳ ಬೇಕಾದಾಗ ಹಿಗ್ಗುವುದಕ್ಕೂ ಪ್ಲೇಟ್‌ಲೆಟ್‌ಗಳು ಗೋಡೆಗೆ ಅಂಟದಿರುವುದಕ್ಕೂ ಅದು ಬೇಕು. (ಇದನ್ನು ಕಂಡುಕೊಂಡ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಅವರಿಗೆ 1998ರ ನೊಬೆಲ್ ಬಂತು.) ಹೊಗೆಯಲ್ಲೇ, ಸಿಕ್ಕಿದ್ದರ ಜೊತೆ ತಟ್ಟನೆ ವರ್ತಿಸುವ ಬೇಕಾದಷ್ಟು ಫ್ರೀ ರ್‍ಯಾಡಿಕಲ್‌ಗಳಿರುತ್ತವೆ. ಸಾಲದ್ದಕ್ಕೆ ನಾಳದ ಜೀವಕೋಶಗಳೂ ಅಂಥದ್ದೇ ಆದ ಸೂಪರ್ಆಕ್ಸೈಡನ್ನು ಹೆಚ್ಚು ಹುಟ್ಟಿಸತೊಡಗುತ್ತವೆ. ಅದು ನೈಟ್ರಿಕ್ ಆಕ್ಸೈಡ್ ಜೊತೆ ಸೇರಿ ಪೆರಾಕ್ಸಿನೈಟ್ರೈಟ್ ಆಗುತ್ತದೆ. ನಾಳವನ್ನು ಕಾಪಾಡುತ್ತಿದ್ದದ್ದು ಹೋಯಿತು, ಕೆಡಿಸುವುದು ಬಂತು. ಗೋಡೆಯೊಳಗೆ ಸೇರಿದ, ‘ಕೆಟ್ಟ ಕೊಲೆಸ್ಟ್ರಾಲ್’ ಅನ್ನುವ ಎಲ್‌ಡಿಎಲ್ ಕೂಡ ಉತ್ಕರ್ಷಣಗೊಳ್ಳುತ್ತದೆ. ಅದನ್ನು ನುಂಗಿ ನುಂಗಿ ಬಿಳಿ ರಕ್ತಕಣಗಳು ಕೊಬ್ಬು ತುಂಬಿದ ‘ನೊರೆಕೋಶ’ಗಳಾಗುತ್ತವೆ (ಫೋಮ್ ಸೆಲ್). ಉರಿಯೂತ ಬಲಿಯುತ್ತದೆ.

‘ಉರಿಯೂತ’ದಲ್ಲಿ ಉರಿಯೂ ಇದೆ, ಊತವೂ ಇದೆ. ಗಾಯಕ್ಕೆ ಇದಕ್ಕಿಂತ ಚೆಂದದ ಪದ ಬೇಕಿಲ್ಲ. ಆದರೆ ನಾಳದ ಗೋಡೆಯಲ್ಲಿ ವರ್ಷಗಟ್ಟಲೆ ನಡೆಯುವಾಗ ಉರಿಯೂ ಗೊತ್ತಾಗುವುದಿಲ್ಲ, ಊತವೂ ಕಾಣುವುದಿಲ್ಲ. ರಕ್ತಪರೀಕ್ಷೆಯಲ್ಲಿ, ಉರಿಯೂತದ ಸುಳಿವು ಕೊಡುವ ಪ್ರೋಟೀನಾದ ಸಿಆರ್‌ಪಿ ಏರಿದ್ದು ಕಂಡೀತು, ಅಷ್ಟೇ. ಹಾಗಂತ ಈ ಪದ ಬಿಡಬಾರದು. ಮೊದಲ ಸಲ ಬಂದಾಗ ‘ಒಳಗೊಳಗೇ ನಡೆಯುವ ಉರಿಯೂತ’ ಅಂದರೆ ಸಾಕು.

ಮತ್ತೆ ‘ಒತ್ತಡ’ಕ್ಕೆ ಬರುತ್ತೇನೆ. 1985ರಲ್ಲಿ ಜರ್ಮನಿಯ ಜೀವರಸಾಯನ ವಿಜ್ಞಾನಿ ಹೆಲ್ಮುಟ್ ಸೀಸ್ ‘ಆಕ್ಸಿಡೇಟಿವ್ ಸ್ಟ್ರೆಸ್’ಗೆ ಕೊಟ್ಟ ವಿವರಣೆಯ ತಿರುಳು ಇಷ್ಟು: ಉತ್ಕರ್ಷಕಗಳು ಒಂದು ಕಡೆ, ಅವನ್ನು ತಡೆಯುವ ವಸ್ತುಗಳು ಇನ್ನೊಂದು ಕಡೆ, ಸಮತೋಲ ಉತ್ಕರ್ಷಕಗಳ ಕಡೆಗೆ ವಾಲುವುದು. ಅಂದರೆ ದೇಹ ತಾಳುವುದಕ್ಕಿಂತ ಹೆಚ್ಚು ಭಾರ ಬೀಳುವುದು. ಹಾಗಾಗಿ ‘ಉತ್ಕರ್ಷಣದ ಹೊರೆ’ ಅನ್ನಬಹುದು ಅನ್ನಿಸುತ್ತದೆ. ‘ಪ್ರತಿ ಸಿಗರೇಟೂ ಹೊರೆ ಹೆಚ್ಚಿಸುತ್ತದೆ, ಬಿಟ್ಟರೆ ಹೊರೆ ಇಳಿಯುತ್ತದೆ’ ಅಂತ ವಾಕ್ಯವೂ ಸಲೀಸಾಗಿ ಬರುತ್ತದೆ.

‘ತುಕ್ಕು’ ಅಂತ ಬರೆಯುವವರೂ ಇದ್ದಾರೆ. ತಟ್ಟನೆ ಅರ್ಥವಾಗುತ್ತದೆ ನಿಜ. ಆದರೆ ತುಕ್ಕು ಹಿಡಿದದ್ದು ಮತ್ತೆ ಸರಿಹೋಗುವುದಿಲ್ಲ ಅನ್ನುವ ಭಾವನೆ ಅದರಲ್ಲಿದೆ. ಸೇದುವುದು ಬಿಟ್ಟು ಒಂದು ವರ್ಷವಾಗುವಷ್ಟರಲ್ಲಿ ಹೃದಯದ ರಕ್ತನಾಳದ ಕಾಯಿಲೆಯ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಿಡಬೇಕು ಅಂತಿರುವವರ ಕೈಗೆ ‘ತುಕ್ಕು’ ಕೊಡಲು ನನಗೆ ಮನಸ್ಸಿಲ್ಲ.

ಒಂದೇ ಅನುಮಾನ. ‘ರೋಗದ ಹೊರೆ’ ಅಂತ ಬೇರೆ ಅರ್ಥದಲ್ಲಿ (ಒಂದು ರೋಗದಿಂದ ಸಮಾಜಕ್ಕೆ ಆಗುವ ಒಟ್ಟು ನಷ್ಟ) ಬಳಕೆ ಇದೆ. ಒಂದೇ ಬರಹದಲ್ಲಿ ಎರಡೂ ಬಂದರೆ ಗೊಂದಲವಾದೀತೇ? ವೈದ್ಯರು, ವಿಜ್ಞಾನ ಬರೆಯುವವರು ದಯವಿಟ್ಟು ಹೇಳಿ. ‘ನೊರೆಕೋಶ’ಕ್ಕಿಂತ ಒಳ್ಳೆಯ ಪದ ಬಳಕೆಯಲ್ಲಿದ್ದರೆ ಅದನ್ನೂ ತಿಳಿಸಿ.